ಜಗಳ ಮುಗಿದ ಮೇಲೆ ಪೊಲೀಸರು ಏನಾಗಬೇಕು? ಸಪ್ತಾಪುರದ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವವರಿಗೆ ಪಾಠ ಹೇಳುವುದು ನನ್ನ ಕೆಲಸ. ಗದಗ, ಹಾವೇರಿ, ಕೊಪ್ಪಳ, ವಿಜಯಪುರ, ಎಲ್ಲ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ‘ಪೊಲೀಸ್ ಸುಧಾರಣೆ’ ಅಂತ ಒಂದು ಸಣ್ಣ ಪಾಠ ಇದೆ. ನೋಟ್ಸಿನಲ್ಲಿ ಎರಡೇ ಪುಟ. ನಾನು ಮಾತ್ರ ಅಲ್ಲಿಂದ ಐರ್ಲೆಂಡಿಗೆ ಹೋಗಿ, ಬೋಸ್ನಿಯಾ ಸುತ್ತಿ, ನರಗುಂದಕ್ಕೆ ಬಂದು ಮುಟ್ಟುವಷ್ಟರಲ್ಲಿ ಎರಡು ದಿನ ಆಗಿರುತ್ತದೆ. ಆಮೇಲೆ ಗಿರ್ಮಿಟ್ ಗಾಡಿ ಹತ್ತಿರ ನಿಂತು ಕೇಳುವ ಪ್ರಶ್ನೆಗಳು ಇನ್ನೂ ಜಾಸ್ತಿ. ಪ್ರತಿ ಬ್ಯಾಚಿಗೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಒಂದು ಸಲ ಬರೆದಿಟ್ಟುಬಿಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಪೊಲೀಸ್ ಇಲಾಖೆಯಲ್ಲಿದ್ದರು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದರು. ನನ್ನ ಉತ್ತರ ಎಲ್ಲಾದರೂ ಖಾಕಿ ಕಡೆ ವಾಲಿದ್ದು ಕಂಡರೆ ಕಾರಣ ಗೊತ್ತಿರಲಿ.

ಶಾಂತಿ ಒಪ್ಪಂದಕ್ಕೂ ಪೊಲೀಸರಿಗೂ ಏನು ಸಂಬಂಧ?

ಒಪ್ಪಂದಕ್ಕೆ ಸಹಿ ಹಾಕುವವರು ನಾಯಕರು. ಫೋಟೋ ತೆಗೆಸಿಕೊಳ್ಳುತ್ತಾರೆ, ಕೈ ಕುಲುಕುತ್ತಾರೆ. ಸೈನ್ಯ ಬ್ಯಾರಕ್ಕಿಗೆ ವಾಪಸ್ ಹೋಗುತ್ತದೆ. ಆದರೆ ಮರುದಿನ ಬೆಳಿಗ್ಗೆ ನಿಮ್ಮ ಸೈಕಲ್ ಕಳುವಾಯಿತು ಅಂದುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ? ಸ್ಟೇಷನ್ನಿಗೆ. ಅಲ್ಲಿ ಟೇಬಲ್ಲಿನ ಆಚೆ ಕೂತಿರುವವನು ಮೂರು ವರ್ಷದ ಹಿಂದೆ ರಾತ್ರಿ ಬಂದು ನಿಮ್ಮ ಅಣ್ಣನನ್ನು ಎಳೆದುಕೊಂಡು ಹೋದವನೇ ಆಗಿದ್ದರೆ? ನೀವು ಒಳಗೆ ಕಾಲಿಡುವುದಿಲ್ಲ. ಸೈಕಲ್ ಹೋದರೆ ಹೋಗಲಿ ಅಂತ ಸುಮ್ಮನಾಗುತ್ತೀರಿ. ಇಲ್ಲವೇ ಓಣಿಯಲ್ಲಿ ಬಂದೂಕು ಇಟ್ಟುಕೊಂಡವನ ಹತ್ತಿರ ಹೋಗಿ, “ನೀನೇ ನೋಡಪ್ಪ” ಅನ್ನುತ್ತೀರಿ.

ಎರಡನೆಯದು ನಡೆಯಿತೋ, ಒಪ್ಪಂದ ಕಾಗದದ ಮೇಲಷ್ಟೇ ಉಳಿಯುತ್ತದೆ. ಜನಕ್ಕೆ ಸರ್ಕಾರ ಅಂದರೆ ದಿನಾ ಕಣ್ಣಿಗೆ ಬೀಳುವ ಪೊಲೀಸಪ್ಪನೇ. ಅದಕ್ಕೇ 1990ರ ದಶಕದಿಂದ ಈಚೆಗಿನ ಎಷ್ಟೋ ಶಾಂತಿ ಒಪ್ಪಂದಗಳಲ್ಲಿ ಪೊಲೀಸರ ಬಗ್ಗೆಯೇ ಪ್ರತ್ಯೇಕ ಭಾಗ ಇರುತ್ತದೆ.

ಯಾವಾಗಲೂ ಉತ್ತರ ಐರ್ಲೆಂಡ್ ಉದಾಹರಣೆಯೇ ಯಾಕೆ ಸರ? ನಮಗೂ ಅವರಿಗೂ ಎಲ್ಲಿಂದೆಲ್ಲಿಗೆ?

ಸಂಬಂಧ ಇದೆ, ಅದೂ ರಕ್ತಸಂಬಂಧ. 1843ರಲ್ಲಿ ಚಾರ್ಲ್ಸ್ ನೇಪಿಯರ್ ಸಿಂಧ್ ಪ್ರಾಂತ್ಯ ಗೆದ್ದ ಮೇಲೆ ಅಲ್ಲೊಂದು ಪೊಲೀಸ್ ಪಡೆ ಕಟ್ಟಿದ. ಅಚ್ಚು ಎಲ್ಲಿಂದ ತಂದ? ಐರ್ಲೆಂಡಿನ ಕಾನ್‌ಸ್ಟೆಬ್ಯುಲರಿಯಿಂದ. ಲಂಡನ್ನಿನ ಪೊಲೀಸರು ಬಂದೂಕಿಲ್ಲದೆ ಬೀದಿ ಸುತ್ತುತ್ತಿದ್ದರು. ಐರ್ಲೆಂಡಿನ ಪೊಲೀಸರು ಹಾಗಲ್ಲ. ಬ್ಯಾರಕ್ಕು, ಬಂದೂಕು, ಮೇಲಿನ ಹುಕುಂ. ಆಳಿಸಿಕೊಳ್ಳಲು ಮನಸ್ಸಿಲ್ಲದ ಜನರನ್ನು ಆಳಲು ಮಾಡಿದ ಪಡೆ ಅದು. ಅದೇ ಅಚ್ಚು ಸಿಂಧಿನಿಂದ ಬಾಂಬೆ ಪ್ರಾಂತ್ಯಕ್ಕೆ ಬಂತು. ನಮ್ಮ ಧಾರವಾಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇತ್ತು. 1857ರ ದಂಗೆ, 1858ರಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯ, ಇವೆಲ್ಲ ಆದಮೇಲೆ 1861ರ ಪೊಲೀಸ್ ಕಾಯ್ದೆ ಬಂತು. ಅದರಲ್ಲೂ ಅದೇ ಗುಣ.

ಅತ್ತ ಐರ್ಲೆಂಡ್ 1922ರ ಹೊತ್ತಿಗೆ ಇಬ್ಭಾಗವಾಗಿತ್ತು. ಉತ್ತರದಲ್ಲಿ ಹಳೆ ಪಡೆಯ ಜಾಗಕ್ಕೆ ‘ರಾಯಲ್ ಅಲ್‌ಸ್ಟರ್ ಕಾನ್‌ಸ್ಟೆಬ್ಯುಲರಿ’ ಬಂತು. ಚಿಕ್ಕದಾಗಿ ಆರ್‌ಯುಸಿ. ಹಾಗೆ ನೋಡಿದರೆ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಪೊಲೀಸಪ್ಪನೂ ನಮ್ಮ ಫೌಜದಾರ ಸಾಹೇಬರೂ ಒಂದೇ ಅಜ್ಜನ ಮೊಮ್ಮಕ್ಕಳು. ಅವರು ಮನೆ ರಿಪೇರಿ ಮಾಡಿದ್ದನ್ನು ನಾವು ನೋಡಬೇಕೋ ಬೇಡವೋ?

ಅಲ್ಲಿ ಜಗಳ ಏನಿತ್ತು? ಎರಡು ಸಾಲಿನಲ್ಲಿ ಹೇಳಿ.

ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು, ಅವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಐರ್ಲೆಂಡ್ ಒಂದಾಗಬೇಕು ಅನ್ನುವವರು, ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. 1960ರ ದಶಕದ ಕೊನೆಯಿಂದ 1998ರವರೆಗೆ ಸುಮಾರು 3,500 ಜನ ಸತ್ತರು. 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೇ ದಿನ, ಒಪ್ಪಂದ ಆಯಿತು. ಜನಸಂಖ್ಯೆಯಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಕ್ಯಾಥೊಲಿಕರು. ಪೊಲೀಸ್ ಪಡೆಯಲ್ಲಿ ಸುಮಾರು 8. ಲೆಕ್ಕ ಅಲ್ಲೇ ತಪ್ಪಿತ್ತು.

ಪ್ಯಾಟನ್ ಆಯೋಗ ಏನು ಮಾಡಿತು?

ಒಪ್ಪಂದ ಆದಮೇಲೆ ಅಲ್ಲಿನ ಪೊಲೀಸ್ ಪಡೆ ಹೇಗಿರಬೇಕು ಅಂತ ಹೇಳಲು ಮಾಡಿದ ಆಯೋಗ ಇದು. ಮೊದಲು ಮಾಡಿದ ಕೆಲಸ ಅಂದರೆ ಕೇಳಿಸಿಕೊಂಡಿದ್ದು. ಇದನ್ನು ನೋಟ್ಸಿನಲ್ಲಿ ಯಾರೂ ಬರೆಯುವುದಿಲ್ಲ, ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಕ್ರಿಸ್ ಪ್ಯಾಟನ್ ಹಾಂಗ್‌ಕಾಂಗಿನ ಕೊನೆಯ ಬ್ರಿಟಿಷ್ ಗವರ್ನರ್ ಆಗಿದ್ದವರು. ಆಯೋಗದವರು ಊರೂರಿಗೆ ಹೋಗಿ ಬಹಿರಂಗ ಸಭೆ ಮಾಡಿದರು. ಸುಮಾರು 10,000 ಜನ ಬಂದರು. ಸಾವಿರಕ್ಕೂ ಹೆಚ್ಚು ಜನ ಎದ್ದು ನಿಂತು ಮಾತಾಡಿದರು. ಒಂದು ಊರಿನಲ್ಲಿ ಗಂಡ ಪೊಲೀಸ್ ಕೆಲಸದಲ್ಲಿ ಸತ್ತ ಹೆಂಗಸು, ಪಕ್ಕದ ಊರಿನಲ್ಲಿ ಮಗ ಪೊಲೀಸರ ಕೈಯಲ್ಲಿ ಸತ್ತ ತಾಯಿ. ಇಬ್ಬರ ಮಾತನ್ನೂ ಅದೇ ಆಯೋಗ ಕೂತು ಕೇಳಬೇಕಿತ್ತು.

1999ರ ಸೆಪ್ಟೆಂಬರಿನಲ್ಲಿ ವರದಿ ಬಂತು. 175 ಶಿಫಾರಸು. ಎಲ್ಲ ಬಾಯಿಪಾಠ ಮಾಡಬೇಡಿ. ಮುಖ್ಯವಾದವು ಹೀಗಿವೆ. ಪಡೆಯ ಹೆಸರು, ಬ್ಯಾಡ್ಜು ಬದಲಾಗಬೇಕು. ಠಾಣೆ ಮೇಲೆ ಬ್ರಿಟನ್ ಧ್ವಜ ಹಾರಬಾರದು. ಪೊಲೀಸರು ಎದೆ ಮೇಲೆ ಹೆಸರು ಕಾಣುವಂತೆ ಹಾಕಿಕೊಳ್ಳಬೇಕು. ಕೋಟೆ ಥರ ಇದ್ದ ಠಾಣೆಗಳು ಸಾಮಾನ್ಯ ಕಟ್ಟಡದಂತೆ ಕಾಣಬೇಕು. ಹೊಸ ಭರ್ತಿಯಲ್ಲಿ ಅರ್ಧ ಕ್ಯಾಥೊಲಿಕರು ಇರಬೇಕು. ಪೊಲೀಸರಿಗೆ ಉತ್ತರ ಕೇಳುವ ಮಂಡಳಿ ಬೇಕು. ಇದೆಲ್ಲ ಸರಿಯಾಗಿ ಜಾರಿ ಆಗುತ್ತಿದೆಯಾ ಅಂತ ನೋಡಲು ಹೊರಗಿನವರೊಬ್ಬರು ಬೇಕು. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ ಆಯೋಗದ ವರದಿಗಳು ಕಪಾಟಿನಲ್ಲಿ ಕೂರುವುದು ಇಂಥ ಒಬ್ಬರು ಇಲ್ಲದಿರುವುದರಿಂದಲೇ ಅಲ್ವಾ?

ಹೆಸರು, ಬ್ಯಾಡ್ಜು ಬದಲಾಯಿಸಿದರೆ ಏನು ಬಂತು? ಅದೇ ಜನ, ಅದೇ ಲಾಠಿ.

ಪ್ರಶ್ನೆ ಸರಿ. ಬರೀ ಹೆಸರು ಬದಲಾದರೆ ಏನೂ ಆಗುವುದಿಲ್ಲ. ಆದರೆ ಹೆಸರಿನಲ್ಲೇ ‘ರಾಯಲ್’ ಅಂತ ಇದ್ದರೆ, ರಾಣಿಯನ್ನು ಒಪ್ಪದ ಮನೆಯ ಹುಡುಗ ಅರ್ಜಿಯನ್ನೇ ಹಾಕುವುದಿಲ್ಲ. ಹೆಸರು ಅಂದರೆ ಬಾಗಿಲ ಮೇಲಿನ ಬೋರ್ಡು. ಒಳಗಿನ ಅಡುಗೆ ಬೇರೆ ಮಾತು. 2001ರ ನವೆಂಬರ್ 4ರಂದು ಹೊಸ ಹೆಸರು ಬಂತು: ‘ಪೊಲೀಸ್ ಸರ್ವಿಸ್ ಆಫ್ ನಾರ್ದರ್ನ್ ಐರ್ಲೆಂಡ್’, ಪಿಎಸ್‌ಎನ್‌ಐ. ಬ್ಯಾಡ್ಜಿನಲ್ಲಿ ಆರು ಚಿಹ್ನೆ: ಕಿರೀಟ, ಹಾರ್ಪ್ ವಾದ್ಯ, ಶ್ಯಾಮ್‌ರಾಕ್ ಎಲೆ, ಪಂಜು, ಆಲಿವ್ ರೆಂಬೆ, ತಕ್ಕಡಿ. ನನ್ನ ಒಬ್ಬ ವಿದ್ಯಾರ್ಥಿ ಅದನ್ನು ನೋಡಿ, “ಸರ, ಎಲ್ಲಾರ್ದೂ ಒಂದೊಂದು ಹಾಕ್ಯಾರ, ಮದುವಿ ಪತ್ರಿಕಾದಾಗ ಬೀಗರ ಹೆಸರು ಹಾಕಿದಂಗ” ಅಂದ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ.

ಹಳೆ ಪಡೆಯಲ್ಲಿ ಸತ್ತವರ ಮನೆಯವರಿಗೆ ಅದು ಅವಮಾನ ಆಗಲಿಲ್ಲವಾ?

ಆಯಿತು. ತುಂಬಾ ಆಯಿತು. ಆ ಸಂಘರ್ಷದಲ್ಲಿ 300ರಷ್ಟು ಆರ್‌ಯುಸಿ ಪೊಲೀಸರು ಕೊಲೆಯಾದರು. ಕಾರು ಹತ್ತುವ ಮುಂಚೆ ಬಗ್ಗಿ ಕೆಳಗೆ ಬಾಂಬು ಇದೆಯಾ ನೋಡುವುದು ಅವರಿಗೆ ಹಲ್ಲುಜ್ಜಿದಷ್ಟೇ ರೂಢಿ. ಹಸಿರು ಯೂನಿಫಾರ್ಮನ್ನು ಅವರ ಮನೆಯವರು ಹೊರಗೆ ಒಣಹಾಕುತ್ತಿರಲಿಲ್ಲ. ತಂತಿ ಮೇಲೆ ಅಂಗಿ ಕಂಡರೆ ಇದು ಪೊಲೀಸರ ಮನೆ ಅಂತ ಗೊತ್ತಾಗುತ್ತಿತ್ತು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. 1980ರ ಜುಲೈನಲ್ಲಿ ನಾನು ಒಂಬತ್ತು ವರ್ಷದವನು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಗಿತ್ತು. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ನೆಟ್ಟಗೆ ಬಾರದಿದ್ದರೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಹಾಕುವ ಕರ) ಕಟ್ಟಿ ಅಂದಿದ್ದರು ಅನ್ನುವುದು ರೈತರ ಸಿಟ್ಟು. ರೈತರು ಸತ್ತರು, ನರಗುಂದದಲ್ಲಿ ಪೊಲೀಸರೂ ಸತ್ತರು. ಅಪ್ಪ ಬೇರೆ ಊರಲ್ಲಿ ಡ್ಯೂಟಿಯಲ್ಲಿದ್ದರು. ಸೋದರಮಾವನ ಹೊಲ ಅದೇ ಕಾಲುವೆ ಕೆಳಗೆ. ಆ ವಾರ ಅವ್ವ ಅಪ್ಪನ ಖಾಕಿ ಅಂಗಿಯನ್ನು ಅಂಗಳದ ತಂತಿಗೆ ಹಾಕಲಿಲ್ಲ. ಒಲೆ ಮೇಲಿನ ಗಳಕ್ಕೆ ಹಾಕಿದಳು. ಆಷಾಢದ ಮಳೆ, ಒಣಗುತ್ತಿರಲಿಲ್ಲ. ಹೊಗೆ ವಾಸನೆಯ ಅಂಗಿ ಹಾಕಿಕೊಂಡೇ ಅಪ್ಪ ಡ್ಯೂಟಿಗೆ ಹೋದರು. ಮಾವ ಬಂದಾಗ ಅವ್ವ ಆ ಅಂಗಿಯ ಮೇಲೆ ತನ್ನ ಸೀರೆ ಎಳೆದು ಮುಚ್ಚಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಚ್ಚಿದ್ದು ಗಂಡನ ನೌಕರಿಯನ್ನಾ, ತಮ್ಮನ ಸಿಟ್ಟನ್ನಾ, ನನಗೆ ತಿಳಿದಿಲ್ಲ. ಕೇಳಲೂ ಇಲ್ಲ.

ಸರಿ, ಐರ್ಲೆಂಡಿಗೆ ವಾಪಸ್ ಬರೋಣ. ಅವರು ಒಂದು ಜಾಣ ಕೆಲಸ ಮಾಡಿದರು. 2000ದ ಕಾಯ್ದೆಯಲ್ಲಿ ಹಳೆ ಪಡೆಯನ್ನು ವಿಸರ್ಜಿಸಲಿಲ್ಲ. ಹಳೆಯದು ಹೊಸದರಲ್ಲಿ ಸೇರಿಕೊಂಡು ಮುಂದುವರಿಯುತ್ತದೆ ಅಂತ ಬರೆದರು. ಕಾಗದದಲ್ಲಿ ಉದ್ದ ಹೆಸರು, ರಸ್ತೆಯಲ್ಲಿ ಹೊಸ ಹೆಸರು. ಅದಕ್ಕೂ ಮುಂಚೆ, 1999ರಲ್ಲಿ ಇಡೀ ಆರ್‌ಯುಸಿಗೆ ಜಾರ್ಜ್ ಕ್ರಾಸ್ ಶೌರ್ಯ ಪದಕ ಕೊಟ್ಟರು. ಸತ್ತವರ ನೆನಪಿಗೆ ಪೊಲೀಸ್ ಮುಖ್ಯ ಕಚೇರಿಯಲ್ಲಿ ತೋಟ ಮಾಡಿದರು. ಎಲ್ಲರಿಗೂ ಸಮಾಧಾನ ಆಯಿತಾ? ಇಲ್ಲ. ಕೆಲವರಿಗೆ ಇವತ್ತಿಗೂ ಇಲ್ಲ.

ಅರ್ಧ ಅರ್ಧ ಭರ್ತಿ ಅಂದರೆ ಮೆರಿಟ್ ಕಥೆ ಏನು?

ಸಪ್ತಾಪುರದಲ್ಲಿ ಈ ಪ್ರಶ್ನೆ ಬರದ ದಿನವೇ ಇಲ್ಲ. ಪಾಸಾದವರ ಪಟ್ಟಿ ಮೊದಲು ಮಾಡುತ್ತಿದ್ದರು. ಪಾಸಾಗದವರಿಗೆ ಜಾಗ ಇಲ್ಲ. ಆ ಪಟ್ಟಿಯಿಂದ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು. 2001ರಿಂದ 2011ರವರೆಗೆ ಹತ್ತು ವರ್ಷ ನಡೆಯಿತು. ಪಡೆಯಲ್ಲಿ ಕ್ಯಾಥೊಲಿಕರು ನೂರಕ್ಕೆ ಸುಮಾರು 8 ಇದ್ದದ್ದು ಹತ್ತಿರ ಹತ್ತಿರ 30ಕ್ಕೆ ಬಂತು. ಅವಕಾಶ ತಪ್ಪಿದ ಪ್ರಾಟೆಸ್ಟೆಂಟ್ ಹುಡುಗರಿಗೆ ನೋವಾಯಿತು, ಅದನ್ನು ಅಲ್ಲಗಳೆಯಬಾರದು. ಗುರಿ ಹತ್ತಿರ ಬಂತು ಅಂದಮೇಲೆ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಸಂಖ್ಯೆ ಅಲ್ಲೇ ನಿಂತುಬಿಟ್ಟಿದೆ. ಇದೂ ಗೊತ್ತಿರಲಿ.

ಅಂಕಿಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅಲ್ಲಿ ಗೇಲಿಕ್ ಕ್ರೀಡಾ ಸಂಘ ಅಂತ ಇದೆ. ಕ್ಯಾಥೊಲಿಕ್ ಊರುಗಳಲ್ಲಿ ಆ ಸಂಘ ಅಂದರೆ ನಮ್ಮ ಊರಿನ ಗರಡಿಮನೆ, ಭಜನಾ ಮಂಡಳಿ ಎಲ್ಲ ಸೇರಿದ ಹಾಗೆ. ಉತ್ತರ ಐರ್ಲೆಂಡಿನ ಪೊಲೀಸರು ಅದರ ಸದಸ್ಯರಾಗುವಂತಿಲ್ಲ ಅಂತ 21ನೇ ನಿಯಮ ಇತ್ತು. ಪೊಲೀಸ್ ಸೇರಿದರೆ ಆಟಕ್ಕೂ ಇಲ್ಲ, ಗೆಳೆಯರೂ ಇಲ್ಲ. 2001ರ ನವೆಂಬರಿನಲ್ಲಿ ಆ ನಿಯಮ ತೆಗೆದರು. ಹತ್ತು ವರ್ಷದ ಮೇಲೆ, 2011ರ ಏಪ್ರಿಲ್ 2ರಂದು, ಓಮಾ ಊರಿನಲ್ಲಿ ರೋನನ್ ಕೆರ್ ಅನ್ನುವ 25 ವರ್ಷದ ಕ್ಯಾಥೊಲಿಕ್ ಕಾನ್‌ಸ್ಟೇಬಲ್‌ನ ಕಾರಿಗೆ ಬಾಂಬ್ ಇಟ್ಟು ಕೊಂದರು. ಒಪ್ಪಂದ ಒಪ್ಪದ ಗುಂಪಿನವರ ಕೆಲಸ. ‘ಪೊಲೀಸ್ ಸೇರಬೇಡಿ’ ಅಂತ ಕ್ಯಾಥೊಲಿಕ್ ಹುಡುಗರನ್ನು ಹೆದರಿಸಲು ಮಾಡಿದ್ದು. ಅಂತ್ಯಕ್ರಿಯೆ ದಿನ ಆ ಕ್ರೀಡಾ ಸಂಘದವರೂ ಪೊಲೀಸರೂ ಸರದಿ ಮೇಲೆ ಹೆಣಕ್ಕೆ ಹೆಗಲು ಕೊಟ್ಟರು. ಬ್ರಿಟನ್ ಪರ ಪಕ್ಷದ ನಾಯಕ ಪೀಟರ್ ರಾಬಿನ್ಸನ್ ಕ್ಯಾಥೊಲಿಕ್ ಚರ್ಚಿನೊಳಗೆ ಬಂದು ಕೂತರು. ಆ ಹುಡುಗನ ತಾಯಿ, ಇದಕ್ಕೆ ಹೆದರಿ ಹಿಂದೆ ಸರಿಯಬೇಡಿ ಅಂತ ಕ್ಯಾಥೊಲಿಕ್ ಪೊಲೀಸರನ್ನು ಕೇಳಿಕೊಂಡರು. ನಮ್ಮಲ್ಲೂ ಯಾರ ಹೆಣಕ್ಕೆ ಯಾರು ಹೆಗಲು ಕೊಟ್ಟರು ಅನ್ನುವುದನ್ನು ಊರು ಮರೆಯುವುದಿಲ್ಲ, ಹೌದೋ ಇಲ್ಲೋ?

ಪೊಲೀಸರ ಮೇಲೆ ದೂರು ಇದ್ದರೆ ಯಾರು ನೋಡಬೇಕು?

ಪೊಲೀಸರಂತೂ ಅಲ್ಲ. ನಮ್ಮ ಕಡೆ ‘ಹೇಳೋರಿಲ್ಲ ಕೇಳೋರಿಲ್ಲ’ ಅನ್ನುತ್ತೇವಲ್ಲ, ಪೊಲೀಸ್ ಸುಧಾರಣೆಯ ಇಡೀ ಪಾಠ ಅದರಲ್ಲಿದೆ. ಹೇಳೋರು ಯಾವಾಗಲೂ ಇರುತ್ತಾರೆ, ಶಾಸಕರ ಫೋನು ಬರುತ್ತಲೇ ಇರುತ್ತದೆ. ಇಲ್ಲದಿರುವುದು ಕೇಳೋರು.

ಪ್ಯಾಟನ್ ವರದಿಯಲ್ಲಿ ಇದರ ಬಗ್ಗೆ ಒಂದು ಸೂಕ್ಷ್ಮ ಮಾತಿದೆ. ಪೊಲೀಸ್ ಮುಖ್ಯಸ್ಥರಿಗೆ ‘ಸ್ವಾತಂತ್ರ್ಯ’ ಅನ್ನುವ ಪದ ಬೇಡ, ‘ಹೊಣೆ’ ಅನ್ನಿ ಅನ್ನುತ್ತಾರೆ. ಸ್ವಾತಂತ್ರ್ಯ ಅಂದರೆ ನನ್ನನ್ನು ಯಾರೂ ಕೇಳಬೇಡಿ ಅಂತ ಆಗುತ್ತದೆ. ಹೊಣೆ ಅಂದರೆ ಹಾಗಲ್ಲ. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಅಂತ ಮೊದಲೇ ಯಾರೂ ಹುಕುಂ ಕೊಡಬಾರದು. ಮಾಡಿದ ಮೇಲೆ, ಯಾಕೆ ಮಾಡಿದಿರಿ ಅಂತ ಕೇಳುವ ಹಕ್ಕು ಇರಬೇಕು. ನಮ್ಮಲ್ಲಿ ಬಹಳ ಸಲ ಇದು ಉಲ್ಟಾ. ಮೊದಲು ಫೋನು, ಆಮೇಲೆ ಮೌನ.

ಕೇಳಲು ಅವರು ಎರಡು ವ್ಯವಸ್ಥೆ ಮಾಡಿದರು. ಒಂದು, 19 ಜನರ ಪೊಲೀಸ್ ಮಂಡಳಿ. 10 ಜನ ಬೇರೆ ಬೇರೆ ಪಕ್ಷದ ಶಾಸಕರು, 9 ಜನ ಪಕ್ಷದ ಹೊರಗಿನವರು. ಇನ್ನೊಂದು, ಪೊಲೀಸರ ಮೇಲಿನ ದೂರು ವಿಚಾರಿಸುವ ಪೊಲೀಸ್ ಓಂಬುಡ್ಸ್‌ಮನ್ ಕಚೇರಿ, ಅದರದೇ ತನಿಖಾಧಿಕಾರಿಗಳ ಜೊತೆ. ಮೊದಲ ಓಂಬುಡ್ಸ್‌ಮನ್ ನ್ಯೂಲಾ ಓಲೋನ್. 1998ರ ಆಗಸ್ಟ್ 15ರಂದು ಓಮಾದಲ್ಲಿ ಬಾಂಬ್ ಸಿಡಿದು 29 ಜನ ಸತ್ತಿದ್ದರು. ಮೊದಲೇ ಸಿಕ್ಕಿದ್ದ ಮಾಹಿತಿಯನ್ನು ಪೊಲೀಸರು ಸರಿಯಾಗಿ ಬಳಸಲಿಲ್ಲ, ತನಿಖೆಯೂ ನೆಟ್ಟಗಿರಲಿಲ್ಲ ಅಂತ ಆಕೆ 2001ರ ಡಿಸೆಂಬರಿನಲ್ಲಿ ವರದಿ ಕೊಟ್ಟರು. ಪೊಲೀಸ್ ಮುಖ್ಯಸ್ಥರು ಕೆಂಡಾಮಂಡಲ ಆದರು. ಕಚೇರಿ ಮಾತ್ರ ಮುಚ್ಚಲಿಲ್ಲ. ಜನಕ್ಕೆ ನಂಬಿಕೆ ಬರಲು ಶುರುವಾದದ್ದು ಅಲ್ಲಿಂದ ಅಂತ ನನ್ನ ಎಣಿಕೆ.

ಹಳಬರನ್ನೆಲ್ಲ ಮನೆಗೆ ಕಳಿಸಿ ಹೊಸಬರನ್ನು ತೆಗೆದುಕೊಂಡರೆ ಸುಲಭ ಅಲ್ವಾ?

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶ ಅಂತರ್ಯುದ್ಧ ಮುಗಿದಾಗ ಹೆಚ್ಚುಕಮ್ಮಿ ಹಾಗೇ ಮಾಡಿತು. 1992ರ ಜನವರಿಯಲ್ಲಿ ಶಾಂತಿ ಒಪ್ಪಂದ ಆಯಿತು. ಹಳೆ ಪೊಲೀಸ್ ಪಡೆಗಳನ್ನು ಮುಚ್ಚಿ ಹೊಸ ರಾಷ್ಟ್ರೀಯ ನಾಗರಿಕ ಪೊಲೀಸ್ ಕಟ್ಟಿದರು. ಭರ್ತಿ ಸೂತ್ರ ಹೀಗಿತ್ತು: ನೂರಕ್ಕೆ 20 ಜನ ಗೆರಿಲ್ಲಾ ಪಡೆಯಿಂದ, 20 ಹಳೆ ಪೊಲೀಸರಿಂದ, ಉಳಿದ 60 ಯುದ್ಧದಲ್ಲಿ ಯಾವ ಕಡೆಯೂ ಇಲ್ಲದವರು. ನಿನ್ನೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಒಂದೇ ಬೆಂಚಿನ ಮೇಲೆ ಕೂತು ಪಾಠ ಕೇಳಿದರು. ಒಳ್ಳೆಯ ಐಡಿಯಾ. ಆದರೆ ಹೊಸ ಪಡೆ ಬೆಳೆಯುವಷ್ಟರಲ್ಲಿ ಕಳ್ಳತನ, ಕೊಲೆ ಏರಿದವು.

ಪೂರ್ತಿ ಮನೆಗೆ ಕಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇರಾಕ್ ನೋಡಿ. 2003ರ ಮೇ ತಿಂಗಳಲ್ಲಿ ಅಲ್ಲಿ ಅಮೆರಿಕದವರು ಸೈನ್ಯವನ್ನೇ ವಿಸರ್ಜಿಸಿದರು. ಬಂದೂಕು ಹಿಡಿಯಲು ಬರುವ, ಸಂಬಳ ಇಲ್ಲದ, ಸಿಟ್ಟಿರುವ ಲಕ್ಷಗಟ್ಟಲೆ ಗಂಡಸರು ಒಂದೇ ದಿನ ಬೀದಿಗೆ ಬಂದರು. ಮುಂದಿನದು ನಿಮಗೇ ಗೊತ್ತು.

ಬೋಸ್ನಿಯಾದ ನಂಬರ್ ಪ್ಲೇಟ್ ಕಥೆ ಇನ್ನೊಮ್ಮೆ ಹೇಳಿ ಸರ.

ಇದು ಎಲ್ಲರಿಗೂ ಇಷ್ಟದ ಕಥೆ. 1995ರ ಡೇಟನ್ ಒಪ್ಪಂದದ ನಂತರ ಬೋಸ್ನಿಯಾದಲ್ಲಿ ಯುದ್ಧ ನಿಂತಿತು. ಎಲ್ಲರೂ ಎಲ್ಲಿ ಬೇಕಾದರೂ ಓಡಾಡಬಹುದು ಅಂತ ಕಾಗದದಲ್ಲಿತ್ತು. ಆದರೆ ಕಾರಿನ ನಂಬರ್ ಪ್ಲೇಟ್ ನೋಡಿದರೆ ಸಾಕು, ಇವನು ಯಾವ ಕಡೆಯವನು ಅಂತ ಗೊತ್ತಾಗುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಆ ಕಡೆಯ ಪೊಲೀಸರು ನಿಲ್ಲಿಸುವರು, ಬೈಯುವರು, ದುಡ್ಡು ಕೇಳುವರು.

ಕೆಎ-25 ಗಾಡಿಯವನು ಗದಗಕ್ಕೆ ಹೋಗಲು ಹೆದರುವುದು, ಕೆಎ-26ನವನು ಹುಬ್ಬಳ್ಳಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ತರಲು ಹೆದರುವುದು ಊಹಿಸಿಕೊಳ್ಳಿ. ನಗು ಬರುತ್ತದೆ. ಅಲ್ಲಿ ಪ್ರಾಣದ ಪ್ರಶ್ನೆ.

1998ರಲ್ಲಿ ಅಂತರರಾಷ್ಟ್ರೀಯ ಉಸ್ತುವಾರಿಯವರು ಇಡೀ ದೇಶಕ್ಕೆ ಒಂದೇ ಥರದ ಪ್ಲೇಟ್ ತಂದರು. ಯಾವ ಊರಿನ ಗಾಡಿ ಅಂತ ಗೊತ್ತಾಗದ ನಂಬರ್. ಅಕ್ಷರಗಳೂ ಲ್ಯಾಟಿನ್ ಮತ್ತು ಸಿರಿಲಿಕ್ ಎರಡೂ ಲಿಪಿಯಲ್ಲಿ ಒಂದೇ ಥರ ಕಾಣುವಂಥವು ಮಾತ್ರ. ಜನ ಓಡಾಡಲು ಶುರು ಮಾಡಿದರು. ತರಬೇತಿ, ವಿಚಾರಗೋಷ್ಠಿ ಎಷ್ಟು ನಡೆದವೋ ಏನೋ, ಒಂದು ತಗಡಿನ ತುಂಡು ಮಾಡಿದ ಕೆಲಸ ದೊಡ್ಡದು.

ದಕ್ಷಿಣ ಆಫ್ರಿಕಾ?

ವರ್ಣಭೇದದ ಆಡಳಿತ ಹೋದಮೇಲೆ ಅಲ್ಲೂ ಪೊಲೀಸ್ ಪಡೆಯ ಹೆಸರು ಬದಲಾಯಿತು, 1995ರಲ್ಲಿ ಕಾಯ್ದೆ ಬಂತು, ಮಿಲಿಟರಿ ಥರದ ಹುದ್ದೆ ಹೆಸರು ಹೋದವು. 2010ರಲ್ಲಿ ಆ ಹುದ್ದೆ ಹೆಸರು ವಾಪಸ್ ಬಂದವು. 2012ರ ಆಗಸ್ಟ್ 16ರಂದು ಮಾರಿಕಾನಾದಲ್ಲಿ ಮುಷ್ಕರ ಮಾಡುತ್ತಿದ್ದ 34 ಗಣಿ ಕಾರ್ಮಿಕರು ಪೊಲೀಸ್ ಗುಂಡಿಗೆ ಸತ್ತರು. ಬೋರ್ಡು ಮತ್ತು ಅಡುಗೆ ಅಂತ ಮೇಲೆ ಹೇಳಿದೆನಲ್ಲ, ಅದು.

ಇದರಲ್ಲೆಲ್ಲ ನಮ್ಮ ದೇಶದ ಪೊಲೀಸರ ಪಾಲು ಏನಾದರೂ ಇದೆಯಾ?

ಇದೆ. 2007ರ ಜನವರಿಯಲ್ಲಿ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಲೈಬೀರಿಯಾಕ್ಕೆ ಹೋದರು. ವಿಶ್ವಸಂಸ್ಥೆಯ ಶಾಂತಿ ಕಾರ್ಯದಲ್ಲಿ ಪೂರ್ತಿ ಹೆಂಗಸರದೇ ಆದ ಮೊದಲ ಪೊಲೀಸ್ ತುಕಡಿ ಅದು. ಆ ದೇಶದ ಅಂತರ್ಯುದ್ಧದಲ್ಲಿ ಹೆಂಗಸರ ಮೇಲೆ ಆಗಬಾರದ್ದೆಲ್ಲ ಆಗಿತ್ತು. ಯೂನಿಫಾರ್ಮ್ ಅಂದರೆ ಹೆದರುತ್ತಿದ್ದ ಊರಲ್ಲಿ ಈ ಹುಡುಗಿಯರು ರಾತ್ರಿ ಗಸ್ತು ತಿರುಗಿದರು, ಅಧ್ಯಕ್ಷೆಯ ಕಚೇರಿ ಕಾದರು. 2016ರವರೆಗೆ ತುಕಡಿಗಳು ಬದಲಾಗುತ್ತ ಅಲ್ಲಿದ್ದವು. ನಮ್ಮ ಕ್ಲಾಸಿನ ಹುಡುಗಿಯರು ಈ ಭಾಗ ಬಂದಾಗ ಪೆನ್ ಕೆಳಗಿಟ್ಟು ಕೇಳುತ್ತಾರೆ.

ನಮ್ಮಲ್ಲಿ ಅಂತರ್ಯುದ್ಧ ಆಗಿಲ್ಲ. ಇದೆಲ್ಲ ನಮಗೆ ಯಾಕೆ?

ಯುದ್ಧ ಆಗಿಲ್ಲ, ನಿಜ. ಆದರೆ ಗಾಯ ಇದೆ. ನರಗುಂದ, ನವಲಗುಂದದಲ್ಲಿ ಪ್ರತಿ ವರ್ಷ ಜುಲೈ 21ಕ್ಕೆ ರೈತರು ಹುತಾತ್ಮರ ವೀರಗಲ್ಲಿಗೆ ಹೂವು ಹಾಕುತ್ತಾರೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡರು. ಬಿತ್ತನೆ ಹೊತ್ತು, ಗೊಬ್ಬರ ಸಿಗುತ್ತಿರಲಿಲ್ಲ, ಅಷ್ಟೇ ವಿಷಯ. 2016ರ ಜುಲೈನಲ್ಲಿ ಮಹದಾಯಿ ಹೋರಾಟದ ಹೊತ್ತಿಗೆ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೊಡೆದ ದೃಶ್ಯ ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. 2022ರ ಏಪ್ರಿಲಿನಲ್ಲಿ ಹಳೇ ಹುಬ್ಬಳ್ಳಿ ಠಾಣೆ ಮೇಲೆ ಕಲ್ಲು ಬಿದ್ದು ಪೊಲೀಸರಿಗೆ ಗಾಯ ಆಗಿದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪೊಲೀಸರು ಹೊಡೆದದ್ದು ಒಬ್ಬರ ನೆನಪಿನಲ್ಲಿ, ಪೊಲೀಸರು ಹೊಡೆಸಿಕೊಂಡದ್ದು ಇನ್ನೊಬ್ಬರ ನೆನಪಿನಲ್ಲಿ. ಎರಡನ್ನೂ ಒಂದೇ ಕಡೆ ಕೂತು ಕೇಳುವ ಸಭೆ ನಮ್ಮ ಕಡೆ ನಾನಂತೂ ನೋಡಿಲ್ಲ.

ಮಣಿಪುರದ ಬಗ್ಗೆಯೂ ಕೇಳುತ್ತಾರೆ. 2023ರ ಮೇ ನಂತರ ಅಲ್ಲಿ ಪೊಲೀಸರ ಶಸ್ತ್ರಾಗಾರದಿಂದಲೇ ಸಾವಿರಾರು ಬಂದೂಕು ಲೂಟಿ ಆದವು. ಒಂದು ಸಮುದಾಯದ ಪೊಲೀಸರು ಇನ್ನೊಂದರ ಪ್ರದೇಶಕ್ಕೆ ಕಾಲಿಡದ ಸ್ಥಿತಿ ಬಂತು. ಅಲ್ಲಿ ಮುಂದೆ ಯಾವ ಒಪ್ಪಂದ ಆದರೂ ಪೊಲೀಸರ ಭಾಗ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ.

ನಮ್ಮಲ್ಲಿ ಕಾನೂನು ಏನಿದೆ?

ಪ್ರಕಾಶ್ ಸಿಂಗ್ ಪ್ರಕರಣ. 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಅದರಲ್ಲಿ ರಾಜ್ಯ ಭದ್ರತಾ ಆಯೋಗ, ಡಿಜಿಪಿ ಮತ್ತು ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ತನಿಖೆ ಮತ್ತು ಬಂದೋಬಸ್ತ್ ಬೇರೆ ಬೇರೆ, ದೂರು ಪ್ರಾಧಿಕಾರ, ಇವು ಮುಖ್ಯ. ದೂರು ಪ್ರಾಧಿಕಾರಕ್ಕೆ ನಿವೃತ್ತ ನ್ಯಾಯಾಧೀಶರು ಮುಖ್ಯಸ್ಥರಿರಬೇಕು ಅಂತ ಕೋರ್ಟ್ ಹೇಳಿತ್ತು. ಕರ್ನಾಟಕದಲ್ಲಿ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ದೂರು ಪ್ರಾಧಿಕಾರ ತಂದರು. ಹೋದ ಬ್ಯಾಚಿನಲ್ಲಿ ಕೈ ಎತ್ತಿಸಿದೆ. ಅರವತ್ತು ಜನರಲ್ಲಿ ಇಂಥದೊಂದು ಇದೆ ಅಂತ ಗೊತ್ತಿದ್ದದ್ದು ಮೂರು ಜನಕ್ಕೆ. ಪಿಎಸ್‌ಐ ಆಗಲು ಬಂದವರ ಕಥೆ ಇದು, ಊರ ಜನರದ್ದು ಬಿಡಿ.

ಹಾಗಾದರೆ ನಮ್ಮ ಊರಲ್ಲಿ ದೂರು ತೆಗೆದುಕೊಳ್ಳದಿದ್ದರೆ ಏನು ಮಾಡಬೇಕು?

ನಮ್ಮ ಮನೆಯಲ್ಲೇ ಆಗಿದೆ. ಅಪ್ಪ ನಿವೃತ್ತರಾದ ಮೇಲೆ ಒಮ್ಮೆ ಮನೆಯ ಮೋಟರ್ ಪಂಪ್ ಕಳುವಾಯಿತು. ಮೂವತ್ತು ವರ್ಷ ಸರ್ವಿಸ್ ಮಾಡಿದ ಮನುಷ್ಯ, ಒಂದು ಠಾಣೆಗೆ ಹೋಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತರು. “ನಮ್ಮ ಲಿಮಿಟ್ ಅಲ್ಲ” ಅಂದರು. ಬೆಂಚಿನ ಈ ಕಡೆ ಹೇಗಿರುತ್ತೆ ಅಂತ ಇವತ್ತು ಗೊತ್ತಾಯಿತು ಅಂತ ಮನೆಗೆ ಬಂದು ಅಪ್ಪ ನಕ್ಕರು. ಅದು ನಗುವ ನಗು ಆಗಿರಲಿಲ್ಲ.

ಈಗ ‘ಲಿಮಿಟ್ ಅಲ್ಲ’ ಅನ್ನುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ಆಗಿರಲಿ ಠಾಣೆಯವರು ದೂರು ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಬರೆಯಿರಿ, ಹುಬ್ಬಳ್ಳಿ-ಧಾರವಾಡ ನಗರದಲ್ಲಾದರೆ ಪೊಲೀಸ್ ಆಯುಕ್ತರಿಗೆ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಹೊಡೆತ, ಅಕ್ರಮ ಬಂಧನದಂಥ ವಿಷಯ ಇದ್ದರೆ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ. ಬಂಧಿಸಲು ಬಂದವರ ಎದೆ ಮೇಲೆ ಹೆಸರು ಮತ್ತು ಹುದ್ದೆ ಕಾಣಬೇಕು ಅಂತ 1996ರ ಡಿ.ಕೆ. ಬಸು ತೀರ್ಪಿನಲ್ಲೇ ಇದೆ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಅಂತ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರಿನಲ್ಲಿ ದಿನಾಂಕ ಮತ್ತು ಹೊತ್ತು ಬರೆಯುವುದನ್ನು ಮರೆಯಬೇಡಿ. ಆ ಹೊತ್ತಿನ ದೃಶ್ಯ ಕೇಳಬಹುದು.

ಕಾನ್‌ಸ್ಟೇಬಲ್ ಕಷ್ಟ ಯಾರು ಕೇಳ್ತಾರೆ?

ಇದನ್ನು ಕೇಳುವವರು ಸಾಮಾನ್ಯವಾಗಿ ಪೊಲೀಸ್ ಮನೆಯ ಮಕ್ಕಳು. ಮುಖ ನೋಡಿದರೆ ಗೊತ್ತಾಗುತ್ತದೆ. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತೇವೆ ಅಂತ ಹೊರಟಿದ್ದರು. ಸಂಬಳ, ವಾರದ ರಜೆ, ಮೇಲಿನವರ ಮನೆ ಚಾಕರಿ, ಇವೇ ಬೇಡಿಕೆ. ನಿದ್ದೆಗೆಟ್ಟು ಹದಿನಾರು ತಾಸು ಬಂದೋಬಸ್ತಿಗೆ ನಿಂತವನ ಹತ್ತಿರ ತಾಳ್ಮೆ ಎಲ್ಲಿಂದ ಬರಬೇಕು? ಪ್ಯಾಟನ್ ವರದಿಯಲ್ಲೂ ಹಳೆ ಪೊಲೀಸರಿಗೆ ಒಳ್ಳೆಯ ದುಡ್ಡು ಕೊಟ್ಟು ಮರ್ಯಾದೆಯಿಂದ ನಿವೃತ್ತಿ ಕೊಡುವ ಯೋಜನೆ ಇತ್ತು. ಸುಧಾರಣೆ ಅಂದರೆ ಪೊಲೀಸರಿಗೆ ಶಿಕ್ಷೆ ಅಂತ ತಿಳಿದವರು ಆ ಭಾಗ ಓದಬೇಕು.

ಇದೆಲ್ಲ ಸರಿಹೋಗಲು ಎಷ್ಟು ವರ್ಷ ಬೇಕು?

ಒಪ್ಪಂದ 1998. ಹೊಸ ಪಡೆ 2001. ಐರ್ಲೆಂಡ್ ಒಂದಾಗಬೇಕು ಅಂತ ಬಂದೂಕು ಹಿಡಿದಿದ್ದ ಐಆರ್‌ಎ ಗುಂಪಿನ ಜೊತೆ ನಂಟಿದ್ದ ಶಿನ್ ಫೇನ್ ಪಕ್ಷ ಪೊಲೀಸರನ್ನು ಒಪ್ಪಿಕೊಂಡಿದ್ದು 2007ರ ಜನವರಿಯಲ್ಲಿ, ಒಂಬತ್ತು ವರ್ಷ ಬಿಟ್ಟು. ಪೊಲೀಸ್ ಮತ್ತು ನ್ಯಾಯಾಂಗದ ಅಧಿಕಾರ ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಬಂದಿದ್ದು 2010ರ ಏಪ್ರಿಲಿನಲ್ಲಿ. 2023ರ ಆಗಸ್ಟಿನಲ್ಲಿ ಒಂದು ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡುವಾಗ ಕಣ್ತಪ್ಪಿನಿಂದ ಸುಮಾರು 10,000 ಪೊಲೀಸರು, ಸಿಬ್ಬಂದಿಯ ಹೆಸರು ಹೊರಗೆ ಬಿತ್ತು. ಎಷ್ಟೋ ಜನ ಮನೆ ಬದಲಾಯಿಸುವ ಯೋಚನೆ ಮಾಡಿದರು. ಕಾಲು ಶತಮಾನದ ನಂತರವೂ ಕಾರಿನಡಿ ಬಗ್ಗಿ ನೋಡುವುದು ಪೂರ್ತಿ ನಿಂತಿಲ್ಲ.

ಪರೀಕ್ಷೆಗೆ ಬರುತ್ತಾ ಸರ?

ಪ್ರಕಾಶ್ ಸಿಂಗ್ ಬರುತ್ತದೆ. ಡಿ.ಕೆ. ಬಸು ಬರುತ್ತದೆ. ಪ್ಯಾಟನ್ ಬರುವುದಿಲ್ಲ, ಪ್ರಬಂಧದಲ್ಲಿ ಒಂದು ಸಾಲು ಹಾಕಿದರೆ ನಷ್ಟ ಇಲ್ಲ. ನಂಬರ್ ಪ್ಲೇಟ್ ಕಥೆ ಹಾಕಿ, ಪೇಪರ್ ನೋಡುವವರಿಗೂ ಬೇಸರ ಕಳೆಯುತ್ತದೆ. 2021ರ 545 ಪಿಎಸ್‌ಐ ಹುದ್ದೆಯ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆಗಲು 2024ರ ಜನವರಿ ಬಂತು. ಅದರ ಬಗ್ಗೆ ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಎರಡು ವರ್ಷ ಇದೇ ಸಪ್ತಾಪುರದ ರೂಮುಗಳಲ್ಲಿ ಬಾಡಿಗೆ ಕಟ್ಟಿಕೊಂಡು ಕಾದವರು ನಿಮ್ಮ ಸೀನಿಯರ್‌ಗಳೇ. ಶನಿವಾರದ ಬ್ಯಾಚಿನವರು ಬರುವಾಗ ಹಳೆ ಪ್ರಶ್ನೆಪತ್ರಿಕೆ ತನ್ನಿ, ಝೆರಾಕ್ಸ್ ದುಡ್ಡು ಬಾಕಿ ಇರುವವರು ಅದನ್ನೂ ತನ್ನಿ.